ಅತ್ತೆಯ ಬದುಕನ್ನು ನಾನು ಬರೆದದ್ದು ಹೀಗೆ

ನನ್ನ ಸೋದರತ್ತೆ ಮೂಡಿಗೆರೆ ಕಡೆಯ ಸಣ್ಣದೊಂದು ಕಾಫಿ ತೋಟವನ್ನು ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಭಾಯಿಸಿದವರು. ಅವರ ಜೀವನಚರಿತ್ರೆ ಬರೆಯಲು ಕುಳಿತಾಗ ಒಂದು ನಿಶ್ಚಯ ಮಾಡಿಕೊಂಡೆ: ಮೊದಲು ಕಸುಬು, ಆಮೇಲೆ ಕಷ್ಟ. ನಮ್ಮಲ್ಲಿ ಹೆಣ್ಣಿನ ಬದುಕು ಬರೆಯುವಾಗ ಇದು ತಿರುವುಮುರುವಾಗುತ್ತದೆ. ವೈಧವ್ಯ, ಕಣ್ಣೀರು, ಮಕ್ಕಳಿಗಾಗಿ ಸವೆದದ್ದು ಪುಟಗಟ್ಟಲೆ ಬರುತ್ತವೆ. ಆಕೆ ಏನು ಬಲ್ಲವಳಾಗಿದ್ದಳು, ಅದನ್ನು ಹೇಗೆ ಕಲಿತಳು ಎಂಬುದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ‘ತ್ಯಾಗಮಯಿ’ ಎಂದು ಬರೆದರೆ ಗೌರವ ಕೊಟ್ಟಂತೆ ಕಾಣುತ್ತದೆ. ನನಗೆ ಅದು ಆಕೆಯ ಬುದ್ಧಿವಂತಿಕೆಯನ್ನು ಮರೆಸುವ ಮಾತು.

ಜಗುಲಿಯಲ್ಲಿ ಕೂರಿಸಿ ಕೇಳಿದರೆ ಅತ್ತೆ, “ಏನಿದೆ ಮಾರಾಯ್ತಿ, ಎಲ್ಲರ ಹಾಗೆ ನಾನೂ ಬದುಕಿದೆ” ಎಂದುಬಿಡುತ್ತಿದ್ದರು. ತೋಟಕ್ಕೆ ಇಳಿದರೆ ಮಾತೇ ಬೇರೆ. ಹಾಗಾಗಿ ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಧ್ವನಿಮುದ್ರಣಕ್ಕೆ ಹಾಕಿಕೊಂಡು ಹಿಂದೆ ಹಿಂದೆ ನಡೆದೆ. ಒಮ್ಮೆ ಒಂದು ಅರೇಬಿಕಾ ಗಿಡದ ಬಳಿ ಬಾಗಿ, ಕಾಂಡದ ಮೇಲೆ ಹೆಬ್ಬೆರಳನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಎಳೆದರು. ನಡುವೆ ಬೆರಳು ನಿಂತಿತು. “ಇಲ್ಲಿ ಮುಟ್ಟು” ಎಂದು ನನ್ನ ಬೆರಳನ್ನೂ ಅಲ್ಲಿಗೆ ಒತ್ತಿದರು. ತೊಗಟೆ ಸಣ್ಣಗೆ ಉಬ್ಬಿತ್ತು. ಒಳಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಇರುವ ಗುರುತು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಬೇಸಗೆಯಲ್ಲಿ ಆ ಹುಳು ದುಂಬಿಯಾಗಿ ಹೊರಬರುವ ಮುನ್ನ ಅಂಥ ಗಿಡವನ್ನು ಬುಡಸಮೇತ ಕಿತ್ತು ಸುಡದಿದ್ದರೆ, ಅದು ಸುತ್ತಲಿನ ಗಿಡಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಕಣ್ಣಿಗೆ ಪೊರೆ ಬಂದ ಮೇಲೂ ಅತ್ತೆ ಬೆರಳಿನಿಂದಲೇ ಬೋರರ್ ಹುಡುಕುತ್ತಿದ್ದರು. ಪುಸ್ತಕದ ಮೊದಲ ಅಧ್ಯಾಯ ಹುಟ್ಟಿದ್ದು ಅಲ್ಲಿ. ಅವರ ಹುಟ್ಟೂರು, ಮದುವೆ ಎಲ್ಲ ಅದರ ನಂತರ ಬಂದವು.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಊರಿಗೇ ನೆನಪಿರುವ ಸಂಗತಿ ಹಿಡಿದು ಕೇಳಬೇಕು. “ಇಂದಿರಾ ಗಾಂಧಿ ನಮ್ಮಲ್ಲಿ ಓಟಿಗೆ ನಿಂತಾಗ ಚಿಕ್ಕವನು ತೊಟ್ಟಿಲಲ್ಲಿದ್ದ” ಎಂದರೆ 1978ರ ಉಪಚುನಾವಣೆ. ಬ್ರೆಜಿಲ್‌ನಲ್ಲಿ ಮಂಜು ಬಿದ್ದು ಕಾಫಿಗೆ ಬೆಲೆ ಬಂದ ವರ್ಷ ಸೊಸೈಟಿ ಸಾಲ ತೀರಿತು ಎಂದರೆ 1994. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಕೊಟ್ಟು, ಹಣಕ್ಕಾಗಿ ಕಂತು ಕಂತಾಗಿ ಕಾಯುತ್ತಿದ್ದ ದಿನಗಳು ಅದಕ್ಕೂ ಹಿಂದಿನವು. ಹೀಗೆ ಗೂಟ ನೆಟ್ಟುಕೊಂಡ ಮೇಲೆ ಉಳಿದದ್ದು ತಾನಾಗಿ ಸಾಲುಗೂಡಿತು.

ಕಾಗದಪತ್ರಗಳ ಕಥೆ ಬೇರೆ. ಟ್ರಂಕಿನಲ್ಲಿದ್ದ ಪಹಣಿ ಮಾವನ ಹೆಸರಿನಲ್ಲಿ, ಆಮೇಲಿನದು ಮಕ್ಕಳ ಹೆಸರಿನಲ್ಲಿ. ಪೂಲ್ ರಸೀದಿಗಳೂ ಮಾವನವೇ. ದಾಖಲೆಗಳನ್ನಷ್ಟೇ ನಂಬಿ ಬರೆದರೆ ಆ ತೋಟದಲ್ಲಿ ಅತ್ತೆ ಎಂಬುವರು ಇರಲೇ ಇಲ್ಲ! ಆದರೆ ವರ್ಷ ವರ್ಷದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕಗಳು, ಅವರ ದುಂಡನೆಯ ಅಕ್ಷರದಲ್ಲಿವೆ. ಯಾರು ಚಿಗುರು ತೆಗೆದರು, ಯಾರು ಹಣ್ಣು ಕುಯ್ದರು, ಯಾರು ಬಾಣಂತನಕ್ಕೆ ಹೋದರು, ಎಲ್ಲ ಅಲ್ಲಿದೆ.

ಇಲ್ಲದ್ದನ್ನು ಸೇರಿಸಬಾರದೆಂಬ ಶಿಸ್ತನ್ನು ನಾನು ಹೊಯ್ಸಳ ರಾಣಿ ಶಾಂತಲೆಯ ಕಥೆಯಿಂದ ಕಲಿತೆ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು, ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಮಾಡಿಸಿದವಳು. ಆಕೆ ಶಿವಗಂಗೆಯ ಬೆಟ್ಟದಿಂದ ಹಾರಿಕೊಂಡಳೆಂದು ಜನ ಇಂದಿಗೂ ಹೇಳುತ್ತಾರೆ. ಬೆಳಗೊಳದ ಶಾಸನ ಹೇಳುವುದು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದಷ್ಟೇ. ಹಾರಿದ ಮಾತು ಅದರಲ್ಲಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸವಿದ್ದು ದೇಹ ಬಿಟ್ಟದ್ದನ್ನೂ ಅದು ದಾಖಲಿಸಿದೆ. ಆ ತಾಯಿಯ ದುಃಖವನ್ನು ಬಿಟ್ಟು ಜನ ಬಂಡೆಯ ತುದಿಯನ್ನೇ ನೆನಪಿಟ್ಟುಕೊಂಡರಲ್ಲ ಎಂದು ನನಗೆ ನೋವಾಗುತ್ತದೆ. ಆದ್ದರಿಂದ ಅತ್ತೆ ಹೇಳದ ಅಳುವನ್ನು ನಾನು ಪುಸ್ತಕಕ್ಕೆ ಸೇರಿಸಲಿಲ್ಲ.

ದಾಯಾದಿಗಳ ಪಾಲಿನ ಜಗಳವನ್ನು ಬಿಡಲಾಗಲಿಲ್ಲ, ತೋಟ ಅತ್ತೆಯ ಕೈಗೆ ಬಂದದ್ದೇ ಅದರಿಂದ. ಬದುಕಿರುವವರ ಹೆಸರು ಮಾತ್ರ ಬದಲಿಸಿದೆ.

ಕರಡನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಜಗಳದ ಭಾಗ ಕೇಳಿ ಸುಮ್ಮನಿದ್ದರು, ತೆಗೆ ಎನ್ನಲಿಲ್ಲ. ಬೋರರ್ ಅಧ್ಯಾಯಕ್ಕೆ ಮಾತ್ರ ತಡೆದರು. “ಇಷ್ಟು ಗಿಡ ನಾನೊಬ್ಬಳೇ ಹುಡುಕಿದೆನಾ? ಲೈನಿನವರು ಎಲ್ಲಿ?” ಲೈನಿನವರೆಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರು. ಅತ್ತೆ ಹೊಸದಾಗಿ ತೋಟಕ್ಕೆ ಇಳಿದಾಗ ಕಾಂಡ ಮುಟ್ಟಿ ನೋಡುವುದನ್ನು ಕಲಿಸಿದ್ದು ಲೈನ್ ಮನೆಯ ಹಿರಿಯ ಹೆಂಗಸೊಬ್ಬರಂತೆ. ಅವರು ಈಗಿಲ್ಲ; ಮಗಳು ಬಣಕಲ್ ಹತ್ತಿರ ಇದ್ದಾರೆ. ಚೆಕ್‌ರೋಲ್‌ನಲ್ಲಿ ಆ ತಾಯಿಯ ಹೆಸರಿರುವ ಪುಟಗಳನ್ನು ಗುರುತು ಮಾಡಿಕೊಂಡು ಮಗಳನ್ನು ಹೋಗಿ ಕಂಡೆ. ಅವರು ಹೇಳಿದ್ದನ್ನು ಸೇರಿಸಿ ಮೊದಲ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.