480 ಪೆಟ್ಟಿಗೆ, ಒಂದೇ ಚಾರ್ಜ್: ಟಪಾಲಿಗೆ ಕರೆಂಟ್ ಗಾಡಿ ತಂದ ನನ್ನ ಅನುಭವ

ಎರಡು ಚಳಿಗಾಲ ದಾಟಲಿ, ಆಮೇಲೆ ಬರೆಯೋಣ ಅಂತ ಕಾಯುತ್ತಿದ್ದೆ. ಅಮೆರಿಕದ ಒಹಾಯೊ ರಾಜ್ಯದ ಹಳ್ಳಿ ಕಡೆ ನನ್ನದು ಗುತ್ತಿಗೆಯ ಟಪಾಲು ರೂಟ್. ದಿನಕ್ಕೆ 62 ಮೈಲಿ, ರಸ್ತೆ ಬದಿಯ 480 ಚಿಲ್ಲರೆ ಟಪಾಲು ಪೆಟ್ಟಿಗೆ. ಕರೆಂಟ್ ಗಾಡಿ ತರುತ್ತೇನೆ ಅಂದಾಗ ಪೋಸ್ಟ್ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "480 ಸಲ ನಿಂತು ಹೊರಟರೆ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ." ಈಗಿನ ಗಾಡಿ ಚಾರ್ಜ್ ಇಲ್ಲದೆ ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ.

ಪೇಟೆಯ ರೂಟಿನವರಿಗೆ ಇಲಾಖೆಯೇ ಗಾಡಿ ಕೊಡುತ್ತದೆ. ಅವರದೂ ಸುಖವಿಲ್ಲ ಬಿಡಿ. 1987ರಿಂದ 1994ರವರೆಗೆ ತಯಾರಾದ ಗ್ರಮ್ಮನ್ ಗಾಡಿಗಳು, 24 ವರ್ಷ ಬಾಳಲಿ ಅಂತ ಮಾಡಿದ್ದು, ಎಷ್ಟೋ ಕಡೆ ಇನ್ನೂ ಓಡುತ್ತಿವೆ. ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ. 2021ರಲ್ಲಿ ಆಶ್‌ಕಾಶ್ ಕಂಪನಿಗೆ ಗುತ್ತಿಗೆ ಕೊಟ್ಟು ಮಾಡಿಸಿದ ಹೊಸ ಗಾಡಿ 2024ರಲ್ಲಿ ಜಾರ್ಜಿಯಾದ ಅಥೆನ್ಸ್‌ನಲ್ಲಿ ಮೊದಲು ರಸ್ತೆಗಿಳಿಯಿತು. ನಮ್ಮಂಥ ಗುತ್ತಿಗೆಯವರಿಗೆ ಅದೆಲ್ಲ ಬರುವುದಿಲ್ಲ. ಗಾಡಿ ನಮ್ಮದೇ, ರಿಪೇರಿಯೂ ನಮ್ಮದೇ.

ನನ್ನ ಹಳೇ ಗಾಡಿ 2000ದ ಮಾಡೆಲ್, ಬಲಗಡೆ ಸ್ಟೀರಿಂಗ್. ಇಲ್ಲಿ ಸ್ಟೀರಿಂಗ್ ಸಾಮಾನ್ಯವಾಗಿ ಎಡಗಡೆ, ಆದರೆ ಪೆಟ್ಟಿಗೆಗಳು ಸಿಗುವುದು ರಸ್ತೆಯ ಬಲಕ್ಕೆ. ರೂಟ್‌ನಲ್ಲಿ ಗ್ಯಾಲನ್‌ಗೆ 9 ಮೈಲಿ ಕೊಟ್ಟರೆ ಪುಣ್ಯ. ದಿನಕ್ಕೆ 22–23 ಡಾಲರ್ ಪೆಟ್ರೋಲಿಗೇ ಹೋಗುತ್ತಿತ್ತು. ಬ್ರೇಕ್ ಪ್ಯಾಡ್ ನಾಲ್ಕೈದು ತಿಂಗಳಿಗೆ ಸವೆದುಹೋಗುತ್ತಿತ್ತು. ಗೇರ್‌ಬಾಕ್ಸ್ ಎರಡು ಸಲ ಬಿಚ್ಚಿಸಿದೆ, ಎರಡೂ ಸಲ ಸುಮಾರು ಮೂರು ಸಾವಿರ. ಎರಡನೇ ಬಿಲ್ ಕೈಗೆ ಬಂದ ದಿನವೇ ತೀರ್ಮಾನ ಮಾಡಿದೆ.

ಮೊದಲ ಪ್ರಯತ್ನ ಪೂರ್ತಿ ಕೈಕೊಟ್ಟಿತು. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಕರೆಂಟ್ ಕಾರೊಂದನ್ನು ಆರು ಸಾವಿರ ಕೊಟ್ಟು ತಂದೆ. ಚಿಕ್ಕ ಬ್ಯಾಟರಿ, ಅದೂ ಸವೆದದ್ದು. ಬೇಸಿಗೆಯಲ್ಲಿ ಹೇಗೋ ನಡೆಯಿತು. ನವೆಂಬರ್‌ನಲ್ಲಿ 40 ಮೈಲಿಗೇ ಉಸಿರು ಬಿಟ್ಟಿತು. ಇನ್ನೂ ದೊಡ್ಡ ತೊಂದರೆ ಬೇರೆಯೇ. ನಾನು ಕೂರುವುದು ಬಲಗಡೆ ಸೀಟಿನಲ್ಲಿ. ಡ್ರೈವರ್ ಸೀಟು ಖಾಲಿ ಅಂತ ಗೊತ್ತಾದ ಕೂಡಲೇ ಆ ಕಾರು ತಾನಾಗಿಯೇ ಪಾರ್ಕ್ ಗೇರ್‌ಗೆ ಬಿದ್ದು ಅಲ್ಲಾಡದೆ ನಿಲ್ಲುತ್ತಿತ್ತು. ಪ್ರತಿ ಪೆಟ್ಟಿಗೆಗೂ ಅದೇ ಗೋಳು. ಮಾರಿದಾಗ ಎರಡು ಸಾವಿರಕ್ಕೂ ಜಾಸ್ತಿ ಕಳೆದುಕೊಂಡೆ.

ಎರಡನೇ ಸಲ ಆತುರಪಡಲಿಲ್ಲ. ಆರೇಳು ಮಾಡೆಲ್‌ಗಳನ್ನು ಪಕ್ಕದ ಸೀಟಿನಲ್ಲಿ ಕೂತೇ ಪರೀಕ್ಷಿಸಿದೆ. ಮಾರುವವರು ವಿಚಿತ್ರವಾಗಿ ನೋಡಿದರು, ನೋಡಲಿ. ಡ್ರೈವರ್ ಸೀಟು ಖಾಲಿ ಇದ್ದರೂ ತಕರಾರು ಮಾಡದ್ದು, ಮಧ್ಯದ ನೆಲ ಸಪಾಟಾಗಿದ್ದದ್ದು ಒಂದೇ ಒಂದು ಸಿಕ್ಕಿತು. ಮಾಡೆಲ್ ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದನ್ನು ಹುಡುಕುತ್ತಿದ್ದೇನೆ. ಬ್ಯಾಟರಿ 60 ಕಿಲೋವ್ಯಾಟ್ ಅವರ್, ಅಂದರೆ 60 ಯೂನಿಟ್ ಹತ್ತಿರ. ಬೆಲೆ 15,000. ಬಲಗಡೆಗೆ ಪೆಡಲ್, ಸ್ಟೀರಿಂಗ್ ಕೊಡುವ ಕಿಟ್ ಮತ್ತು ಕೂರಿಸುವ ಕೂಲಿ ಸೇರಿ 2,000 ಚಿಲ್ಲರೆ. ಮನೆಯಲ್ಲಿ 240 ವೋಲ್ಟ್ ಲೈನ್ ಎಳೆಸಿದ್ದಕ್ಕೆ 900. ಕಿಟ್‌ನ ಬ್ರೇಕ್ ಕೇಬಲ್ ಮೊದಲು ಬಿಗಿಯಾಗಿ ಕಾಲು ನೋಯುತ್ತಿತ್ತು. ಅದನ್ನು ಎಳೆದಿರುವ ದಾರಿಯನ್ನೇ ಬದಲಿಸಿದೆ, ಈಗ ಬೆಣ್ಣೆಯ ಹಾಗೆ. ಹೇಗೆ ಅಂತ ಎದುರಿಗೆ ಬಂದು ಕೇಳಿದವರಿಗೆ ತೋರಿಸುತ್ತೇನೆ.

ಎಲ್ಲರೂ ಹೆದರಿಸಿದ ಆ 480 ನಿಲುಗಡೆ ಇದೆಯಲ್ಲ, ಅದೇ ಈ ಗಾಡಿಗೆ ಒಗ್ಗುವ ಕೆಲಸ. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿಯುತ್ತದೆ, ವೇಗದಲ್ಲಿದ್ದ ಶಕ್ತಿಯ ಒಂದು ಪಾಲು ವಾಪಸ್ ಬ್ಯಾಟರಿಗೆ ಬರುತ್ತದೆ. ನಿಂತಾಗ ಪೆಟ್ರೋಲ್ ಗಾಡಿಯ ಹಾಗೆ ಸುಮ್ನೆ ಉರಿಯುವುದೂ ಇಲ್ಲ. ಒಂದು ವಾರ ಬೇಕಂತಲೇ ಬ್ರೇಕ್ ಪೆಡಲ್ ಒತ್ತಿ ಓಡಿಸಿ ನೋಡಿದೆ, ಮುಂದಿನ ವಾರ ಕಾಲು ತೆಗೆದೇ ನಿಲ್ಲಿಸಿದೆ. ದಿನಕ್ಕೆ ಎರಡು ಯೂನಿಟ್‌ಗೂ ಮಿಕ್ಕಿ ವ್ಯತ್ಯಾಸ ಬಂತು. ಪ್ಯಾಡ್ ಎರಡು ವರ್ಷದಿಂದ ಅದೇ ಇದೆ.

ಬ್ಯಾಟರಿ ತಿನ್ನುವುದು ನಿಲುಗಡೆ ಅಲ್ಲ, ಹೀಟರ್. ದಿನವಿಡೀ ಕಿಟಕಿ ತೆರೆದಿರುತ್ತದೆ, ಬಿಸಿಗಾಳಿ ಪೂರ್ತಿ ಹೊರಗೇ ಹೋಗುತ್ತದೆ, ಅಲ್ವಾ? ಹಾಗಾಗಿ ಗಾಳಿ ಬಿಸಿ ಮಾಡುವುದನ್ನೇ ಬಿಟ್ಟೆ. ಸೀಟಿನ ಹೀಟರ್ ಮತ್ತು ನಾನು ತೊಡುವ, ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್ ಸಾಕು. ಬೆಳಿಗ್ಗೆ ಪ್ಲಗ್‌ನಲ್ಲಿ ಇರುವಾಗಲೇ ಗಾಡಿ ಬೆಚ್ಚಗೆ ಮಾಡಿಕೊಂಡು ಹೊರಡುತ್ತೇನೆ. ಬೇಸಿಗೆಯಲ್ಲಿ ರೂಟ್‌ಗೆ 18 ಯೂನಿಟ್, ಕೊರೆಯುವ ಚಳಿಯಲ್ಲಿ 27. ಕರೆಂಟ್ ಖರ್ಚು ದಿನಕ್ಕೆ ಎರಡೂವರೆಯಿಂದ ಮೂರೂವರೆ ಡಾಲರ್. ವರ್ಷಕ್ಕೆ ಇಂಧನದಲ್ಲೇ ಐದೂವರೆ ಸಾವಿರ ಉಳಿಯಿತು.

ಬೇರೆ ಪೆಟ್ಟುಗಳೂ ಬಿದ್ದವು. ತಲೆ ಮೇಲಿನ ಹಳದಿ ಫ್ಲ್ಯಾಶರ್ ಲೈಟನ್ನು ನೇರವಾಗಿ ಗಾಡಿಯಲ್ಲಿರುವ ಚಿಕ್ಕ 12 ವೋಲ್ಟ್ ಬ್ಯಾಟರಿಗೆ ಕೊಟ್ಟಿದ್ದೆ. ಒಂದು ರಾತ್ರಿ ಆರಿಸಲು ಮರೆತೆ. ಬೆಳಿಗ್ಗೆ ದೊಡ್ಡ ಬ್ಯಾಟರಿ ಫುಲ್, ಆದರೆ ಚಿಕ್ಕದು ಸತ್ತು ಗಾಡಿ ಎದ್ದೇಳಲೇ ಇಲ್ಲ. ಅವತ್ತು ಟಪಾಲು ಎರಡು ಗಂಟೆ ತಡ. ಈಗ ಗಾಡಿ ಆಫ್ ಆದರೆ ಲೈಟೂ ಆರುವ ಹಾಗೆ ರಿಲೇ ಹಾಕಿದ್ದೇನೆ. ಟೈರ್ ವಿಷಯದಲ್ಲೂ ಸೋತೆ. ಗಾಡಿ ಭಾರ, ಎಳೆತವೂ ಜೋರು, ಜಲ್ಲಿ ರಸ್ತೆ ಬೇರೆ. ಮೊದಲ ಸೆಟ್ 18,000 ಮೈಲಿಗೇ ಮುಗಿಯಿತು. ಗಟ್ಟಿ ಪಕ್ಕಗಳಿರುವ ಕಮರ್ಷಿಯಲ್ ಟೈರ್ ಹಾಕಿಸಿದೆ. ಒಂದು ಸೆಟ್‌ಗೆ 700 ಆದರೂ ಬಾಳುತ್ತಿವೆ.

ಜಾಗ ಮಾತ್ರ ಕಡಿಮೆ. ಡಿಸೆಂಬರ್‌ನಲ್ಲಿ ಪಾರ್ಸೆಲ್ ರಾಶಿ ಬಿದ್ದಾಗ ಎರಡು ಸುತ್ತು ಹೊಡೆಯಲೇಬೇಕು. ಹೋದ ಡಿಸೆಂಬರ್‌ನಲ್ಲಿ ಒಂದು ದಿನ 96 ಮೈಲಿ ಓಡಿ ಮನೆಗೆ ಬಂದಾಗ ಚಾರ್ಜ್ ಇನ್ನೂ ಕಾಲು ಭಾಗ ಇತ್ತು. ಮಧ್ಯಾಹ್ನಕ್ಕೇ ಖಾಲಿ ಅಂದಿದ್ದವರಲ್ಲಿ ಇಬ್ಬರು ಆ ಮೀಟರ್ ನೋಡಲು ಮನೆಗೇ ಬಂದರು. ಒಬ್ಬರು ಈಗಾಗಲೇ ಕಿಟ್‌ಗೆ ಮುಂಗಡ ಕೊಟ್ಟಿದ್ದಾರೆ. ಅದನ್ನು ಕೂರಿಸುವ ಶನಿವಾರ ನಾನೂ ಸ್ಪ್ಯಾನರ್ ಹಿಡಿದು ಹೋಗುತ್ತೇನೆ.