ಸೂಪರ್‌ಹೀರೋ ಕಾಮಿಕ್ಸ್ ಕೊಳ್ಳುವ ಮುಂಚೆ ಕಾಪಿರೈಟ್ ಪುಟ ನೋಡಿ

ದಾವಣಗೆರೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಸಂಪುಟ ಸಿಕ್ಕರೆ, ಮುಖಪುಟದ ‘1’ ನೋಡಿ ಸುಮ್ನೆ ಕೊಳ್ಳಬೇಡಿ. ಮೊದಲು ಸಣ್ಣ ಅಕ್ಷರದ ಕಾಪಿರೈಟ್ ಪುಟ ಓದಿ. ಯಾವ ಸರಣಿಯ ಯಾವ ಸಂಚಿಕೆಗಳು, ಯಾವ ವರ್ಷದ್ದು ಅನ್ನೋದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಮೆರಿಕದ ಪ್ರಕಾಶಕರು ಒಂದೇ ಹೆಸರಿನ ಸರಣಿಯನ್ನು ಮತ್ತೆ ಮತ್ತೆ 1ರಿಂದ ಶುರು ಮಾಡುತ್ತಾರೆ. ಕಮಲಾ ಖಾನ್ ಇರುವ ‘ಮಿಸ್ ಮಾರ್ವೆಲ್’ 2014ರಲ್ಲಿ 1ರಿಂದ ಶುರುವಾಯಿತು, 2015ರ ಕೊನೆಯಲ್ಲಿ ಮತ್ತೆ 1! ಎರಡನೇದನ್ನು ಮೊದಲು ಓದಿದರೆ ಅವಳಿಗೆ ಶಕ್ತಿ ಬಂದ ಕಥೆಯೇ ತಪ್ಪಿಹೋಗುತ್ತದೆ. ಹದಿಹರೆಯದ ನಾಯಕಿಯ ಕಥೆಗೆ ಆ ಭಾಗವೇ ಜೀವ, ಅಲ್ವಾ? ಹಲವು ಸರಣಿಗಳಲ್ಲಿ ಹರಡಿದ ದೊಡ್ಡ ಕಥೆಗಳಿಗೆ ಮಾತ್ರ ಈ ಉಪಾಯ ಸಾಲದು. ಯಾವುದರ ನಂತರ ಯಾವುದನ್ನು ಓದಬೇಕು ಅನ್ನೋದು ಆ ಪುಟದಿಂದ ಗೊತ್ತಾಗುವುದಿಲ್ಲ.