ದೋಯ್ ಸುತೇಪ್‌ಗೆ ಸ್ಕೂಟರಿನಲ್ಲಿ ಒಂದು ಅಪ್ರದಕ್ಷಿಣೆ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಿಂದ ಪಶ್ಚಿಮಕ್ಕೆ ನೋಡಿದರೆ ಒಂದು ಬೆಟ್ಟ ಕಾಣುತ್ತದೆ. ಅದು ದೋಯ್ ಸುತೇಪ್. ‘ದೋಯ್’ ಎಂದರೆ ಉತ್ತರದವರ ಮಾತಿನಲ್ಲಿ ಬೆಟ್ಟ. ‘ಸುತೇಪ್’ ಎಂಬುದು ಹಿಂದೆಂದೋ ಅಲ್ಲಿ ತಪಸ್ಸಿಗೆ ಕುಳಿತಿದ್ದನೆನ್ನುವ ವಾಸುದೇವ ಎಂಬ ಋಷಿಯ ಹೆಸರು ಬಾಯಿಂದ ಬಾಯಿಗೆ ಸವೆದು ಉಳಿದದ್ದು. ಬಂದವರೆಲ್ಲ ಮೇಲೆ ಹತ್ತಿ, ಚಿನ್ನದ ಬಣ್ಣದ ಸ್ತೂಪಕ್ಕೆ ಕೈಮುಗಿದು, ಇಳಿದು ಬರುತ್ತಾರೆ. ಬೆಟ್ಟದ ಬೆನ್ನ ಹಿಂದೆ ಏನಿದೆ ಎಂದು ನೋಡಬೇಕಾದರೆ ಅದನ್ನು ಸುತ್ತಬೇಕು. ಮೇ ರಿಮ್, ಸಮೆಂಗ್, ಹಾಂಗ್ ದೊಂಗ್ ಎಂಬ ಮೂರು ಊರುಗಳ ಕಡೆಯಿಂದ ಹಾದು ಮತ್ತೆ ನಗರಕ್ಕೆ ಬರುವ ಈ ದಾರಿ ಸುಮಾರು 100 ಕಿಲೋಮೀಟರ್. ಬೈಕಿನವರು ಇದನ್ನು ‘ಸಮೆಂಗ್ ಲೂಪ್’ ಎನ್ನುತ್ತಾರೆ.

ನೂರು ಕಿಲೋಮೀಟರ್ ಎಂದರೆ ಬೆಂಗಳೂರಿನ ಬೈಕ್ ಹುಡುಗರಿಗೆ ಬೆಳಗಿನ ತಟ್ಟೆ ಇಡ್ಲಿಗೆ ಹೋಗಿಬರುವ ದೂರ. ಇದನ್ನು ಮೂರು ಗಂಟೆಯಲ್ಲಿ ಮುಗಿಸುವವರಿದ್ದಾರೆ. ನನಗೆ ಒಂಬತ್ತು ಗಂಟೆ ಹಿಡಿಯಿತು. ಇಲ್ಲಿ ಹೇಳುವುದು ಆ ಒಂಬತ್ತು ಗಂಟೆಯ ವಿಧಾನ.

ಮೊದಲ ಕೆಲಸ ಆರ್‌ಟಿಒ ಕಚೇರಿಯಲ್ಲಿ

ತಯಾರಿ ಶುರುವಾಗುವುದು ನಿಮ್ಮೂರಿನಲ್ಲೇ. ನಮ್ಮ ಚಾಲನಾ ಪರವಾನಗಿಯೊಂದೇ ಅಲ್ಲಿ ಸಾಲದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅದನ್ನು ನಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ. ಅದರ ಅವಧಿ ಒಂದು ವರ್ಷ. ಪುಸ್ತಕದ ಆಕಾರದ ಆ ಪರವಾನಗಿ ಕೈಗೆ ಬಂದ ತಕ್ಷಣ ಒಂದನ್ನು ನೋಡಿಕೊಳ್ಳಿ: ‘ಎ’ ವರ್ಗದ ಮುಂದೆ, ಅಂದರೆ ದ್ವಿಚಕ್ರ ವಾಹನದ ಮುಂದೆ, ಮುದ್ರೆ ಬಿದ್ದಿರಬೇಕು. ಕಾರಿನ ಪರವಾನಗಿ ಮಾತ್ರ ಇದ್ದವರು ಅಲ್ಲಿ ಸ್ಕೂಟರ್ ಓಡಿಸಿದರೆ ಪರವಾನಗಿ ಇಲ್ಲದೆ ಓಡಿಸಿದಂತೆಯೇ.

ಬಾಡಿಗೆ ಅಂಗಡಿಯವರು ಇದನ್ನು ಕೇಳದೆಯೇ ಗಾಡಿ ಕೊಟ್ಟುಬಿಡುತ್ತಾರೆ. ಅವರು ಕೇಳಲಿಲ್ಲ ಎಂದು ನೀವು ಮೈಮರೆಯಬೇಡಿ. ದಾರಿಯಲ್ಲಿ ಪೊಲೀಸರು ಕೇಳುತ್ತಾರೆ, ಅದು ದಂಡದಲ್ಲಿ ಮುಗಿಯುತ್ತದೆ. ಬಿದ್ದು ಕಾಲು ಮುರಿದುಕೊಂಡರೆ ವಿಮಾ ಕಂಪನಿಯವರು ಕೇಳುತ್ತಾರೆ, ಅದು ಅಷ್ಟಕ್ಕೆ ಮುಗಿಯುವುದಿಲ್ಲ. ಪ್ರವಾಸ ವಿಮೆಯ ಸಣ್ಣಕ್ಷರದ ಪುಟದಲ್ಲಿ ದ್ವಿಚಕ್ರ ವಾಹನದ ಬಗ್ಗೆ ಏನು ಬರೆದಿದೆ ಎಂದು ಹೊರಡುವ ಮೊದಲೇ ಓದಿಕೊಳ್ಳಿ.

ತಿಂಗಳು ಆರಿಸುವುದು

ನವೆಂಬರಿನಿಂದ ಫೆಬ್ರುವರಿ ಮೊದಲ ಭಾಗದವರೆಗೆ ಹೋಗಿ. ಆಗ ಮಳೆ ನಿಂತು ಗದ್ದೆಗಳು ಕೊಯ್ಲಿಗೆ ಬಂದಿರುತ್ತವೆ, ಬೆಳಿಗ್ಗೆ ಜರ್ಕಿನ್ ಬೇಕೆನಿಸುವಷ್ಟು ಚಳಿ ಇರುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಗದ್ದೆಯ ಕೂಳೆ, ಕಾಡಿನ ತರಗೆಲೆ ಉರಿದು ಇಡೀ ಕಣಿವೆ ಹೊಗೆಯಲ್ಲಿ ಮುಳುಗುತ್ತದೆ. ಆಗ ದೋಯ್ ಸುತೇಪ್ ಕೂಡ ಕಣ್ಣಿಗೆ ಕಾಣದ ದಿನಗಳಿರುತ್ತವೆ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ. ಹೆಸರು ನಮ್ಮ ‘ಸಂಕ್ರಾಂತಿ’ಯೇ, ಆಚರಣೆ ಮಾತ್ರ ನೀರೆರಚಾಟ. ಓಡುವ ಸ್ಕೂಟರಿನ ಮುಖಕ್ಕೇ ಬಕೆಟ್ ನೀರು ಬೀಳುತ್ತದೆ. ಆ ಮೂರು ದಿನ ಗಾಡಿ ಮುಟ್ಟದೆ ಬೀದಿಯಲ್ಲಿ ನೆನೆಯುವುದೇ ಸರಿ.

ಗಾಡಿ ಹಿಡಿಯುವುದು

ಒಬ್ಬರಿಗೆ 110 ಸಿಸಿಯ ಗೇರಿಲ್ಲದ ಸ್ಕೂಟರ್ ಸಾಕು. ಹಿಂದೆ ಇನ್ನೊಬ್ಬರಿದ್ದರೆ 125 ಸಿಸಿ ಕೇಳಿ, ಏಕೆಂದರೆ ದಾರಿಯಲ್ಲಿ ಘಾಟಿ ಇದೆ. ಬಾಡಿಗೆ ದಿನಕ್ಕೆ 200ರಿಂದ 350 ಬಾತ್ ಆಗಬಹುದು. ಠೇವಣಿಯಾಗಿ ಪಾಸ್‌ಪೋರ್ಟ್ ಕೇಳುವವರಿದ್ದಾರೆ, ಕೊಡಬೇಡಿ. ಎರಡು ಮೂರು ಸಾವಿರ ಬಾತ್ ನಗದು ಇಟ್ಟುಕೊಂಡು ಗಾಡಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ.

ಕೀಲಿ ಕೈಗೆ ಬಂದ ಮೇಲೆ ಗಾಡಿಯ ಸುತ್ತ ಒಮ್ಮೆ ನಡೆದು ಮೊಬೈಲಿನಲ್ಲಿ ವಿಡಿಯೊ ಮಾಡಿ. ಕನ್ನಡಿ, ಬಂಪರ್, ಸೈಲೆನ್ಸರ್, ಕೆಳಭಾಗದ ಗೀರುಗಳು ಎಲ್ಲವೂ ಬರಲಿ. ಅಂಗಡಿಯವನೂ ಚೌಕಟ್ಟಿನಲ್ಲಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಎರಡೂ ಬ್ರೇಕ್ ಒತ್ತಿ ನೋಡಿ, ಟೈರಿನ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿ. ಹೆಲ್ಮೆಟ್ ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳದೆ ನಾಲ್ಕನ್ನು ತಲೆಗೆ ಹಾಕಿ ನೋಡಿ, ಗಲ್ಲದ ಪಟ್ಟಿ ಬಿಗಿಯಾಗುವುದನ್ನೇ ಆರಿಸಿ. ಹಿಂಬದಿಯವರಿಗೂ ಅಲ್ಲಿ ಹೆಲ್ಮೆಟ್ ಕಡ್ಡಾಯ.

ಟ್ಯಾಂಕಿನಲ್ಲಿ ಬಂಕಿನವರೆಗೆ ಹೋಗುವಷ್ಟು ಪೆಟ್ರೋಲ್ ಮಾತ್ರ ಇರುವುದೇ ಹೆಚ್ಚು. ಬಂಕಿನಲ್ಲಿ ‘ತೆಮ್ ತಂಗ್’ ಎಂದರೆ ಟ್ಯಾಂಕ್ ತುಂಬಿಸುತ್ತಾರೆ. ಇಡೀ ಸುತ್ತಿಗೆ ಮೂರು ಲೀಟರ್ ಸಾಕಾದರೂ ನಗರದಲ್ಲೇ ತುಂಬಿಸಿಕೊಂಡರೆ ಮನಸ್ಸು ಹಗುರ. ಇಪ್ಪತ್ತು, ಐವತ್ತು, ನೂರು ಬಾತಿನ ಚಿಲ್ಲರೆ ನೋಟುಗಳನ್ನು ಮೇಲಿನ ಜೇಬಿನಲ್ಲಿಡಿ.

ಎಡಕ್ಕೆ ಬೆಟ್ಟ ಇಟ್ಟುಕೊಂಡು

ಯಾವ ಕಡೆಯಿಂದ ಸುತ್ತಬೇಕು ಎಂಬುದು ಮುಖ್ಯ. ಪವಿತ್ರ ಬೆಟ್ಟವನ್ನು ಬಲಕ್ಕಿಟ್ಟು ಸುತ್ತಬೇಕು, ಅದೇ ಪ್ರದಕ್ಷಿಣೆ. ನಾನು ಹೇಳುವುದು ತದ್ವಿರುದ್ಧ: ಮೊದಲು ಉತ್ತರಕ್ಕೆ ಮೇ ರಿಮ್, ಅಲ್ಲಿಂದ ಪಶ್ಚಿಮಕ್ಕೆ ಸಮೆಂಗ್, ಕೊನೆಗೆ ಆಗ್ನೇಯಕ್ಕೆ ಹಾಂಗ್ ದೊಂಗ್. ಹೀಗೆ ಹೋದರೆ ಬೆಳಿಗ್ಗೆ ಪಶ್ಚಿಮಕ್ಕೆ ಹೋಗುವಾಗಲೂ ಸಂಜೆ ಪೂರ್ವದ ಕಡೆ ಬರುವಾಗಲೂ ಬಿಸಿಲು ಬೆನ್ನಿಗೇ ಇರುತ್ತದೆ. ತಿರುವಿನಲ್ಲಿ ಸೂರ್ಯ ಕಣ್ಣಿಗೆ ಹೊಡೆದರೆ ಎದುರಿನ ಲಾರಿ ಕಾಣುವುದಿಲ್ಲ. ವಾಸುದೇವ ಋಷಿ ಕ್ಷಮಿಸಲಿ.

ಬೆಳಿಗ್ಗೆ ಏಳಕ್ಕೆ ಹೊರಡಿ. ಹಳೆಯ ನಗರದ ಸುತ್ತ ಚೌಕಾಕಾರದ ಕಂದಕವಿದೆ. ಅದರ ಎರಡೂ ದಂಡೆಯ ರಸ್ತೆಗಳು ಏಕಮುಖ: ಹೊರಗಿನದು ಪ್ರದಕ್ಷಿಣೆ, ಒಳಗಿನದು ಅಪ್ರದಕ್ಷಿಣೆ. ಇದು ನೆನಪಿದ್ದರೆ ದಾರಿ ತಪ್ಪಿದರೂ ಸುತ್ತಿ ಬರಬಹುದು. ಉತ್ತರದ ಬಾಗಿಲಿನ ಹೆಸರು ಚಾಂಗ್ ಫುಅಕ್, ಅಂದರೆ ಬಿಳಿಯಾನೆ. ಅಲ್ಲಿಂದ 107ನೇ ಸಂಖ್ಯೆಯ ರಸ್ತೆ ಹಿಡಿಯಿರಿ.

ನಗರ ಬಿಡುವ ಮುಂಚೆ ಆ ದಿಕ್ಕಿನಲ್ಲೇ ಇರುವ ಥಾನಿನ್ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ಕಳೆಯಿರಿ. ಬಾಳೆ ಎಲೆಯ ಸಣ್ಣ ಪೊಟ್ಟಣಗಳನ್ನು ಹುಡುಕಿ. ಅಂಟು ಅಕ್ಕಿ, ತೆಂಗಿನ ಹಾಲು, ಬಾಳೆಹಣ್ಣು ಸೇರಿಸಿ ಎಲೆಯಲ್ಲಿ ಸುತ್ತಿ ಬೇಯಿಸಿದ ಆ ತಿಂಡಿಗೆ ‘ಕಾವ್ ತೋಮ್ ಮತ್’ ಎನ್ನುತ್ತಾರೆ. ಎಲೆ ಬಿಚ್ಚಿದಾಗ ಬರುವ ಪರಿಮಳ ಥೇಟ್ ನಮ್ಮ ಎಲೆ ಕಡುಬಿನದು. ನಾಲ್ಕು ಪೊಟ್ಟಣ ಸೀಟಿನಡಿಯ ಡಿಕ್ಕಿಗೆ ಹಾಕಿಕೊಂಡರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಎಂಟು ಗಂಟೆಗೆ ರಾಷ್ಟ್ರಗೀತೆ ಕೇಳಿಸಿ ಸುತ್ತಲಿನವರು ನಿಂತರೆ ನೀವೂ ನಿಲ್ಲಿ.

ಹಾರ್ನ್ ಮರೆತುಬಿಡಿ

ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ಹಾಗಾಗಿ ಕೈಗೆ ಹೊಸ ಅಭ್ಯಾಸ ಬೇಕಿಲ್ಲ. ಬಿಡಬೇಕಾದ ಹಳೆಯ ಅಭ್ಯಾಸ ಒಂದಿದೆ. ಮೊದಲ ಹತ್ತು ಕಿಲೋಮೀಟರಿನಲ್ಲಿ ನನ್ನ ಹೆಬ್ಬೆರಳು ತಾನಾಗಿ ಹಾರ್ನಿನ ಗುಂಡಿಗೆ ಹೋಗುತ್ತಿತ್ತು. ಒಮ್ಮೆ ಒತ್ತಿಯೂ ಬಿಟ್ಟೆ. ಮುಂದಿದ್ದ ಅಜ್ಜಿ ಸ್ಕೂಟರ್ ನಿಲ್ಲಿಸಿ, ಏನಾಯಿತೋ ಎಂದು ಗಾಬರಿಯಿಂದ ತಿರುಗಿ ನೋಡಿದರು. ಅಲ್ಲಿ ಹಾರ್ನ್ ಎಂದರೆ ಅಪಾಯ, ಇಲ್ಲವೇ ಬೈಗುಳ. ಎದುರಿನ ವಾಹನ ಹೆಡ್‌ಲೈಟ್ ಮಿನುಗಿಸಿದರೆ ಮಾತ್ರ ನಮ್ಮೂರಿನ ಅರ್ಥವೇ: ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’.

107 ಅಗಲವಾದ ಹೆದ್ದಾರಿ, ಅದರಲ್ಲಿ ಸೊಗಸೇನೂ ಇಲ್ಲ. ಎಡ ಅಂಚಿನಲ್ಲಿ ಸಾಗಿ. ಅದೇ ಅಂಚಿನಲ್ಲಿ ಎದುರಿನಿಂದಲೂ ಸ್ಕೂಟರ್ ಬರಬಹುದು, ಆ ವಿಷಯದಲ್ಲಿ ನಮಗೂ ಅವರಿಗೂ ಭೇದವಿಲ್ಲ. ಹಿಂದೆ ಎರಡು ಬೆಂಚು ಹಾಕಿದ ‘ಸೊಂಗ್‌ತೇವ್’ ಪಿಕಪ್ ಗಾಡಿಗಳು ಪ್ರಯಾಣಿಕರು ಕಂಡಲ್ಲಿ ಗಕ್ಕನೆ ನಿಲ್ಲುತ್ತವೆ, ಅವುಗಳ ಬಾಲ ಹಿಡಿಯಬೇಡಿ. ಮೇ ರಿಮ್ ದಾಟಿದೊಡನೆ 1096 ಎಂಬ ಫಲಕ ನೋಡಿ ಎಡಕ್ಕೆ ತಿರುಗಿ. ಸವಾರಿ ನಿಜವಾಗಿ ಶುರುವಾಗುವುದು ಇಲ್ಲಿಂದ.

ಒಂದೇ ಒಂದನ್ನು ನೋಡಿ

‘ಮೇ’ ಎಂದರೆ ತಾಯಿ. ಥಾಯ್ ಮಾತಿನಲ್ಲಿ ನದಿ ‘ಮೇ ನಾಮ್’, ನೀರಿನ ತಾಯಿ. 1096ನೇ ರಸ್ತೆ ಮೇ ಸಾ ಎಂಬ ಹೊಳೆಯ ಜೊತೆ ಕಣಿವೆಯನ್ನು ಏರುತ್ತದೆ. ಮೊದಲ ಭಾಗದಲ್ಲಿ ಆನೆ, ಹುಲಿ, ಹಾವುಗಳ ಜಾಹೀರಾತು ಫಲಕಗಳು ಒಂದರ ಹಿಂದೊಂದು ಬರುತ್ತವೆ. ದುಬಾರೆ, ಸಕ್ರೆಬೈಲು ಕಂಡವರಿಗೆ ಇಲ್ಲಿ ಆನೆ ನೋಡುವ ಅವಸರವಿಲ್ಲ ಎಂಬುದು ನನ್ನ ಅಭಿಪ್ರಾಯ. ಸರಪಳಿಯ ಹುಲಿಯ ಪಕ್ಕ ಕುಳಿತು ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ.

ಮುಂದೆ ಮೂರು ಜಾಗಗಳಿವೆ: ಹತ್ತು ಹಂತಗಳಲ್ಲಿ ಇಳಿಯುವ ಮೇ ಸಾ ಜಲಪಾತ, ಗಾಜಿನ ಮನೆಗಳಿರುವ ರಾಣಿ ಸಿರಿಕಿತ್ ಸಸ್ಯೋದ್ಯಾನ, ಬಲಕ್ಕೆ ಕಡಿದಾಗಿ ಏರಿದರೆ ಮೊನ್ ಜಾಮ್ ಎಂಬ ಬೆಟ್ಟದ ನೆತ್ತಿ. ಮೂರನ್ನೂ ನೋಡಲು ಹೊರಟರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಜಲಪಾತದ ಟಿಕೆಟ್ ಕಿಟಕಿಯಲ್ಲಿ ವಿದೇಶಿಯರಿಗೆ ಬೇರೆ ದರ. ಸ್ಥಳೀಯರ ದರವನ್ನು ಥಾಯ್ ಅಂಕಿಗಳಲ್ಲಿ ಬರೆದಿರುತ್ತಾರೆ. ಆ ಅಂಕಿಗಳು ನಮ್ಮ ಕನ್ನಡ ಅಂಕಿಗಳ ದೂರದ ನೆಂಟರು, ಆದರೂ ಓದಿ ಜಗಳಕ್ಕೆ ನಿಲ್ಲಬೇಡಿ.

ನಾನು ಆರಿಸಿದ್ದು ಮೊನ್ ಜಾಮ್. ಸುಮಾರು 1,300 ಮೀಟರ್ ಎತ್ತರದ ಆ ಏಣಿನ ಸುತ್ತ ಹ್ಮೊಂಗ್ ಎಂಬ ಬೆಟ್ಟದ ಬುಡಕಟ್ಟಿನ ಜನರ ಹೊಲಗಳಿವೆ. ಒಂದು ಕಾಲಕ್ಕೆ ಉತ್ತರದ ಈ ಬೆಟ್ಟಗಳಲ್ಲಿ ಅಫೀಮು ಬೆಳೆಯುತ್ತಿದ್ದರು. ದೊರೆ ಭೂಮಿಬೋಲ್ 1969ರಲ್ಲಿ ಆರಂಭಿಸಿದ ‘ರಾಯಲ್ ಪ್ರಾಜೆಕ್ಟ್’ ಗಸಗಸೆ ಗಿಡದ ಜಾಗಕ್ಕೆ ತರಕಾರಿ, ಹೂವು, ಹಣ್ಣು ತಂದಿತು. ಈಗ ಇಲ್ಲಿ ಕೋಸಿನ ಪಾತಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಚಳಿಗಾಲದಲ್ಲಿ ಸ್ಟ್ರಾಬೆರಿ ಬುಟ್ಟಿಗಳು ರಸ್ತೆ ಬದಿಗೆ ಬರುತ್ತವೆ. ಸಮೆಂಗ್ ಹೆಸರಾಗಿರುವುದೇ ಈ ಹಣ್ಣಿಗೆ. ಉಪ್ಪು, ಸಕ್ಕರೆ, ಮೆಣಸಿನ ಪುಡಿ ಬೆರೆಸಿದ ಪೊಟ್ಟಣವನ್ನೂ ಜೊತೆಗೆ ಕೊಡುತ್ತಾರೆ. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಬೆಳೆದವರಿಗೆ ಅದನ್ನು ಹೇಗೆ ತಿನ್ನಬೇಕೆಂದು ಹೇಳಿಕೊಡಬೇಕಾಗಿಲ್ಲ.

ಇನ್ನು ನಿಲ್ಲುವ ಕಲೆ. ದಾರಿಯುದ್ದಕ್ಕೂ ನಾಲ್ಕು ಕಂಬ, ಒಂದು ಸೂರು, ಒಳಗೆ ಜಗಲಿ ಇರುವ ತಂಗುದಾಣಗಳು ಸಿಗುತ್ತವೆ. ಹೆಸರು ‘ಸಾಲಾ’, ನಮ್ಮ ‘ಶಾಲೆ’ಯೇ, ಧರ್ಮಶಾಲೆಯ ಶಾಲೆ. ಯಾರೂ ಏಕೆ ಕೂತಿರಿ ಎಂದು ಕೇಳುವುದಿಲ್ಲ. ಉತ್ತರದ ಹಳ್ಳಿಗಳಲ್ಲಿ ಮನೆ ಮುಂದೆ ದಾರಿಹೋಕರಿಗೆಂದು ಮಣ್ಣಿನ ಮಡಕೆಯಲ್ಲಿ ನೀರಿಡುವ ಹಳೆಯ ಪದ್ಧತಿಯೂ ಇದೆ. ಅರವಟ್ಟಿಗೆ ಕಂಡವರಿಗೆ ಅದು ಗುರುತು ಸಿಗುತ್ತದೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಂಥ ಒಂದು ಸಾಲಾದಲ್ಲಿ ಗಾಡಿ ನಿಲ್ಲಿಸಿ. ಎಂಜಿನ್ ಸದ್ದು ಆರಿದ ಮೇಲೆ ಹೊಳೆಯ ಸದ್ದು ಕೇಳಲು ಎರಡು ನಿಮಿಷ ಬೇಕಾಗುತ್ತದೆ.

ಮಾಂಸವಿರತಿಯ ಊಟ

ಸಮೆಂಗ್ ಊರು ಸುತ್ತುದಾರಿಯಿಂದ ಸ್ವಲ್ಪ ಒಳಗಿದೆ. ಬಹಳ ಮಂದಿ ಕೂಡುರಸ್ತೆಯಿಂದಲೇ ಹಿಂದಿರುಗುತ್ತಾರೆ. ನೀವು ಒಳಗೆ ಹೋಗಿ, ಅಲ್ಲೇ ಊಟ ಮಾಡಿ. ಬೆಟ್ಟಗಳ ಬೋಗುಣಿಯಲ್ಲಿ ಕೂತ ಸಣ್ಣ ಊರು, ಮಧ್ಯಾಹ್ನ ನಾಯಿಗಳೂ ರಸ್ತೆಯ ಮೇಲೆಯೇ ಮಲಗಿರುತ್ತವೆ.

ಸಸ್ಯಾಹಾರಿಗಳಿಗೆ ಇಲ್ಲಿ ಎರಡು ಪದ ಬೇಕು. ಒಂದು ‘ಮಾಂಗ್‌ಸವಿರತ್’. ಬಿಡಿಸಿ ನೋಡಿ: ಮಾಂಸ, ವಿರತಿ. ಇದರಲ್ಲಿ ಮೊಟ್ಟೆ ಇರಬಹುದು. ಇನ್ನೊಂದು ‘ಜೇ’. ಇದು ಚೀನೀ ಮೂಲದ ವ್ರತದ ಊಟ. ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು ಜೇ ಅಂಗಡಿ. ಹಳ್ಳಿಯಲ್ಲಿ ಅಂಥದ್ದು ಸಿಗದಿದ್ದರೆ ತರಕಾರಿ ಹುರಿದ ಅನ್ನ ಕೇಳಿ, ‘ಮಾಯ್ ಸಾಯ್ ನಾಮ್ ಪ್ಲಾ’ ಎಂದು ಸೇರಿಸಿ. ಮೀನಿನ ಸಾರ ಹಾಕಬೇಡಿ ಎಂದು ಅರ್ಥ. ಇಷ್ಟು ಹೇಳದಿದ್ದರೆ ಅವರು ಅದನ್ನು ನಾವು ಇಂಗು ಹಾಕುವಷ್ಟು ಸಹಜವಾಗಿ ಹಾಕಿಬಿಡುತ್ತಾರೆ. ಪಪ್ಪಾಯಿ ಕಾಯಿಯ ಕೋಸಂಬರಿಯಂತೆ ಕಾಣುವ ‘ಸೊಮ್ ತಮ್’ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಒಣ ಸೀಗಡಿ ಇರುತ್ತದೆ. ಮಾಂಸ ತಿನ್ನುವವರು ಚಿಯಾಂಗ್ ಮಾಯ್ ಸೀಮೆಯ ‘ಕಾವ್ ಸೊಯ್’ ತಿನ್ನದೆ ಬರಬಾರದು. ತೆಂಗಿನ ಹಾಲಿನ ಸಾರಿನಲ್ಲಿ ಶಾವಿಗೆ, ಮೇಲೆ ಗರಿಗರಿ ಕರಿದ ಶಾವಿಗೆ. ಊಟದ ಜೊತೆ ಬಿಯರ್ ಮಾತ್ರ ಬೇಡ, ಇನ್ನೂ ಇಳಿಜಾರು ಬಾಕಿ ಇದೆ.

ಇಳಿಯುವಾಗ

1269ನೇ ರಸ್ತೆ ಹಾಂಗ್ ದೊಂಗ್ ಕಡೆಗೆ ಹತ್ತಿ ಇಳಿದು ಸುತ್ತಿಕೊಂಡು ಹೋಗುತ್ತದೆ. ಆಗುಂಬೆ ಅಥವಾ ಚಾರ್ಮಾಡಿ ಓಡಿಸಿದವರಿಗೆ ಭಯವಿಲ್ಲ, ಆದರೆ ಅವರು ಓಡಿಸಿದ್ದು ಗೇರಿನ ಬೈಕಾಗಿದ್ದರೆ ಒಂದು ವ್ಯತ್ಯಾಸ ತಿಳಿದಿರಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ಇಳಿದಾಗ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಸುಮ್ಮನೆ ಜಾರತೊಡಗುತ್ತದೆ. ಗಾಬರಿಯಿಂದ ಬ್ರೇಕ್ ಒತ್ತಿಯೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಜಾರುತ್ತಿದೆ ಎನಿಸಿದಾಗ ಎಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಡಿ, ಎಂಜಿನ್ ಮತ್ತೆ ಹಿಡಿದುಕೊಳ್ಳುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಬಳಸಿ ನಿಧಾನ ಮಾಡಿ, ತಿರುವಿನೊಳಗೆ ಮುಂದಿನ ಬ್ರೇಕ್ ಹಿಂಡಬೇಡಿ. ಅಂಚಿನಲ್ಲಿ ಬಿದ್ದ ಮರಳು, ತರಗೆಲೆ ನಿಮ್ಮನ್ನು ಬೀಳಿಸಲು ಸಾಕು. ಹಿಂದಿನಿಂದ ದೊಡ್ಡ ಬೈಕಿನ ದಂಡು ಬಂದರೆ ಎಡಕ್ಕೆ ಸರಿದು ದಾರಿ ಬಿಡಿ. ತುರ್ತಿಗೆ ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್ 1669.

ಬಯಲಿಗಿಳಿದ ಮೇಲೆ ನಗರದ ದಟ್ಟಣೆ ಮತ್ತೆ ಎದುರಾಗುತ್ತದೆ. ಹೊತ್ತು ಉಳಿದಿದ್ದರೆ ಹಾಂಗ್ ದೊಂಗ್ ಬಳಿಯ ಬಾನ್ ತವಾಯ್‌ನಲ್ಲಿ ಮರಗೆತ್ತನೆಯವರ ಅಂಗಡಿಗಳಿವೆ. ಅದೇ ಸೀಮೆಯಲ್ಲಿ ‘ರಾಚಪ್ರುಕ್’ ಎಂಬ ಉದ್ಯಾನವೂ ಇದೆ. ಹೆಸರು ‘ರಾಜವೃಕ್ಷ’, ಮರ ಬೇರೆ ಯಾವುದೂ ಅಲ್ಲ, ನಮ್ಮ ಕಕ್ಕೆ. ಅದರ ಹಳದಿ ಗೊಂಚಲೇ ಥಾಯ್ಲೆಂಡಿನ ರಾಷ್ಟ್ರೀಯ ಹೂವು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು, ಸೊಂಟ ಸಾಕು ಎನ್ನುತ್ತಿತ್ತು.

ಗಾಡಿಯನ್ನು ಅದೇ ಸಂಜೆ ಮರಳಿಸುವ ಆತುರ ಬೇಡ. ಬಾಡಿಗೆಯ ಲೆಕ್ಕ ಸಾಮಾನ್ಯವಾಗಿ 24 ಗಂಟೆಯದು, ಬೆಳಕಿನಲ್ಲಿ ಕೊಡುವುದೇ ಒಳ್ಳೆಯದು. ಮರುದಿನ ಅಂಗಡಿಯವನು ಬಗ್ಗಿ, ಸೈಲೆನ್ಸರಿನ ಮೇಲಿನ ಒಂದು ಗೀರಿಗೆ ಬೆರಳಿಟ್ಟು ನನ್ನ ಮುಖ ನೋಡಿದ. ನಾನು ಹಿಂದಿನ ದಿನದ ವಿಡಿಯೊ ತೆರೆದು, ಅದೇ ಗೀರು, ಅದರ ಪಕ್ಕದಲ್ಲೇ ಅವನ ಚಪ್ಪಲಿ ಕಾಣುವಲ್ಲಿ ನಿಲ್ಲಿಸಿ ತೋರಿಸಿದೆ. ಅವನು ನಕ್ಕು ಒಳಗೆ ಹೋಗಿ, ಠೇವಣಿಯ ಮೂರು ಸಾವಿರ ಬಾತನ್ನು ಎಣಿಸಿ ಕೈಗಿಟ್ಟ.